ವಾರಗಿತ್ತಿ ಹತ್ತಿದ ಬೆಟ್ಟ

ನಮ್ಮ ವಿಜಯನಗರದ ಬೀದಿ ಹೆಂಗಸರನ್ನ ಪ್ರತಿ ಕಾರ್ತೀಕದಲ್ಲೂ ಶಿವಗಂಗೆ ಬೆಟ್ಟ ಹತ್ತಿಸುತ್ತಿದ್ದವಳು ನಾನು. ಓದು ನಾಲ್ಕನೇ ಕ್ಲಾಸಿಗೆ ನಿಂತರೂ ಬೆಟ್ಟದ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡೋರು. ನನಗಿದ್ದ ಹೆಚ್ಚುಗಾರಿಕೆ ಅದೊಂದೇ. ಹೋದ ವರ್ಷ ನನ್ನ ವಾರಗಿತ್ತಿ, ಚಂದ್ರಾ ಲೇಔಟಿನವಳು, ಮಗಳ ಜೊತೆ ಆಸ್ಟ್ರಿಯಾಕ್ಕೆ ಹೋಗಿ, ಆಲ್ಪ್ಸಿನ ಒಂದು ಬೆಟ್ಟ ಹತ್ತಿ ಬಂದು ಅದನ್ನೂ ಕಿತ್ತುಕೊಂಡಳು.

ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಫೋನಲ್ಲಿ ಫೋಟೋ ತೋರಿಸಿದಳು. ದೊಡ್ಡ ಬೆಟ್ಟವೇನಲ್ಲ, ಹಿಮವೂ ಇಲ್ಲ, ತುದಿವರೆಗೂ ಹುಲ್ಲು. ಹಿಂದಿನ ಕಾಲದಲ್ಲಿ ಅದರ ಪಕ್ಕದ ಕಣಿವೇಲಿ ಉಪ್ಪಿನ ಮೂಟೆ ಹೊತ್ತು ದಾಟುತ್ತಿದ್ದರಂತೆ. ತುದೀಲಿ ಗಡಿಕಲ್ಲು, ಒಂದು ಕಾಲು ಈ ದೇಶದಲ್ಲಿ, ಇನ್ನೊಂದು ಆ ದೇಶದಲ್ಲಿ. ದಾರಿಯ ಹಳದಿ ಬೋರ್ಡಲ್ಲಿ ಎಷ್ಟು ದೂರ ಅಂತಲ್ಲ, ಎಷ್ಟು ಹೊತ್ತು ನಡೀಬೇಕು ಅಂತ ಬರೆದಿರುತ್ತಂತೆ. ನನ್ನ ಜೊತೆ ಬೆಟ್ಟ ಹತ್ತಿದ ಹೆಂಗಸರೇ ಬಾಯಿ ಬಿಟ್ಟುಕೊಂಡು ಕೇಳ್ತಿದ್ದರು. ನನಗೆ ಹೊಟ್ಟೆ ಉರೀತು. ಬಸ್ಸು ಎಲ್ಲೀವರೆಗೆ ಹೋಗುತ್ತೆ ಅಂತ ಕೇಳಿದೆ. ಅರ್ಧ ಬೆಟ್ಟಕ್ಕೆ, ಆಮೇಲೆ ಒಂದೂವರೆ ಗಂಟೆ ನಡಿಗೆ ಅಂತ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಳು. ಚುಚ್ಚೋಕೂ ಜಾಗ ಕೊಡಲಿಲ್ಲ.

ಆಮೇಲೆ ಅವಳೇ ಹೇಳಿದ್ದು. ದಾರೀಲಿ ಅಲ್ಲಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದರಂತೆ. ಸ್ವಂತ ಮನೆ ಆಗಲಿ ಅಂತ ನಾವು ಶಿವಗಂಗೇಲಿ ಪೇರಿಸ್ತೀವಲ್ಲ, ಇವರೂ ಹಾಗೇ ಅಂದುಕೊಂಡು, ಇವಳು ಶೂ ಬಿಚ್ಚಿಟ್ಟು, ಐದು ಕಲ್ಲು ಪೇರಿಸಿ ಕೈ ಮುಗಿದಳಂತೆ. ಅಲ್ಲಿನವನೊಬ್ಬ ಓಡಿ ಬಂದ. ಅವು ಮಂಜು ಕವಿದಾಗ ದಾರಿ ತೋರಿಸೋ ಕಲ್ಲು, ಇವಳ ಗುಡ್ಡೆ ನಂಬಿ ಹೋದವರು ಸೀದಾ ಪ್ರಪಾತಕ್ಕೇ ಅಂದನಂತೆ. ಮಗಳು ನಿಂತು ಕೆಡವಿಸಿದಳಂತೆ. ಎಲ್ಲರೂ ನಕ್ಕರು. ನಾನು ಸ್ವಲ್ಪ ಜೋರಾಗೇ ನಕ್ಕೆ.

"ಎರಡಂತಸ್ತಿನ ಮನೆ ಇದೆ ನಿಂಗೆ. ಇನ್ನೂ ಯಾವ ಮನೆ ಬೇಕಿತ್ತೇ?" ಅಂದೆ.

"ನಂಗಲ್ಲ ಅಕ್ಕ, ನಿಮಗೆ. ಇನ್ನೂ ಬಾಡಿಗೆ ಮನೇಲೇ ಇದೀರಲ್ಲ."

ಒಳ್ಳೆ ಮನಸ್ಸಿಂದಲೇ ಅಂದಳು, ಅದು ನನಗೂ ಗೊತ್ತು. ಅದಕ್ಕೇ ಇನ್ನೂ ಉರಿದಿದ್ದು.

"ಕೆಡವಿದ್ದು ಒಳ್ಳೇದಾಯ್ತು ಬಿಡು," ಅಂದೆ.

ಆ ಕಾರ್ತೀಕದಲ್ಲೂ ಶಿವಗಂಗೇಲಿ ಮುಂದೆ ನಾನೇ ನಡೆದೆ, ಮಂಡಿ ನೋವಿದ್ದರೂ. ಅವಳು ಹಿಂದೆ. ಕಲ್ಲು ಪೇರಿಸೋ ಜಾಗದಲ್ಲಿ ನಾನೂ ಕೂತು ಪೇರಿಸಿದೆ. ವರ್ಷಾ ವರ್ಷಾ ಮನೆ ಕೇಳ್ತಿದ್ದೆ. ಆ ಸಲ ಮನೆ ಕೇಳಲಿಲ್ಲ. ಆ ದೇಶದ್ದೊಂದು ಬೆಟ್ಟ ಕೇಳಿದೆ, ಅವಳು ಹತ್ತಿದ್ದಕ್ಕಿಂತ ಒಂದು ಗೇಣಾದರೂ ಎತ್ತರದ್ದು.