ಮದ್ದು ಹೊಡೆಯದ ಮೂರು ಸಾಲು

ಯಲಹಂಕದ ಆಚೆಯ ಸಂಶೋಧನಾ ತೋಟದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮುನಿಯಲ್ಲಮ್ಮ ಆಗಲೇ ಒರಳಿನ ಮುಂದೆ ಕುಳಿತಿದ್ದಾರೆ. ಲಕ್ಕಿ ಸೊಪ್ಪು, ಬೇವು, ಬೆಳ್ಳುಳ್ಳಿ ನುಣ್ಣಗಾಗುತ್ತಿವೆ. ಅರೆದದ್ದನ್ನು ಹಳೇ ಪಂಚೆಯಲ್ಲಿ ಹಿಂಡಿ, ನೀರು ಬೆರೆಸಿ, ಸಿಂಪಡಿಸುವ ಕ್ಯಾನಿಗೆ ತುಂಬಿ ಬೆನ್ನಿಗೇರಿಸುತ್ತಾರೆ. ಹದಿನಾರು ಲೀಟರ್ ಭಾರ, ಐವತ್ತೆಂಟರ ಬೆನ್ನು. ನೋಡಲು ಬಂದವರೊಡನೆ ಮಾತಿಗೂ ಬಿಡುವಿಲ್ಲ: "ಬಿಸ್ಲು ಬಂದ್ರೆ ರಸದ ಸತ್ವ ಓಯ್ತದೆ ಕಣಪ್ಪ. ಜರುಗು, ದಾರಿ ಬಿಡು."

ಟೊಮೆಟೊಗೆ ಅಂಗಮಾರಿ ಬಂದರೆ ಮೊದಲು ಎಲೆಯ ಮೇಲೆ ಕಂದು ಚುಕ್ಕೆ, ಆಮೇಲೆ ಗಿಡವೇ ಸುಟ್ಟಂತೆ. ಈ ಬೂಷ್ಟಿನ ರೋಗವನ್ನು ಸೊಪ್ಪಿನ ರಸ ತಡೆಯುತ್ತದೆಯೇ ಎಂಬುದೇ ಇಲ್ಲಿನ ಪ್ರಯೋಗ. ಮೂರು ಸಾಲಿಗೆ ರಸ, ಮೂರಕ್ಕೆ ಅಂಗಡಿ ಔಷಧಿ, ಮೂರಕ್ಕೆ ಏನೂ ಇಲ್ಲ. ಹೋಲಿಸಿ ನೋಡಲು ಆ ಕೊನೆಯ ಮೂರನ್ನು ರೋಗಕ್ಕೆ ಬಿಡಲೇಬೇಕು.

ಪುಟ್ಟೇನಹಳ್ಳಿಯ ತಮ್ಮ ಹೊಲ ಬಡಾವಣೆಯಾಗುವವರೆಗೂ ಟೊಮೆಟೊ ಬೆಳೆದ ಮುನಿಯಲ್ಲಮ್ಮನವರ ಕೈಗೆ ಇದು ಒಗ್ಗಲಿಲ್ಲ. ಹೋದ ವರ್ಷ, ಯಾರೂ ಇಲ್ಲದ ಭಾನುವಾರಗಳಲ್ಲಿ, ಆ ಸಾಲುಗಳಿಗೂ ರಸ ಹೊಡೆದುಬಿಟ್ಟರು. "ಕಣ್ಮುಂದೆ ಕೂಸು ಕೆಮ್ತಾ ಇದ್ರೆ ಸುಮ್ಕಿರಕ್ಕಾಯ್ತದಾ?"

ಕೊನೆಗೆ ಲೆಕ್ಕ ಹಾಕಿದರೆ, ರಸ ಹೊಡೆದ ಸಾಲಿಗೂ ಹೊಡೆಯದ್ದಕ್ಕೂ ವ್ಯತ್ಯಾಸವೇ ಇಲ್ಲ! ರಸದಿಂದ ಪ್ರಯೋಜನವಿಲ್ಲವೆಂದು ವಿಜ್ಞಾನಿ ವೇದಾ ಬರೆಯಹೊರಟಾಗ ಮುನಿಯಲ್ಲಮ್ಮ ಬಾಯಿಬಿಟ್ಟರು. ಕೆಲಸ ಹೋದರೆ ಹೋಗಲಿ, ಕೈಯಾರೆ ಅರೆದ ಮದ್ದಿಗೆ ಸುಳ್ಳು ಅಪವಾದ ಬರಬಾರದು.

"ಒಂದು ವರ್ಷ ಹಾಳ್ಮಾಡಿದ್ರಲ್ಲಮ್ಮಾ!" ಎಂದು ವೇದಾ ರೇಗಿದರು. ಆದರೂ ಕೆಲಸದಿಂದ ತೆಗೆಯಲಿಲ್ಲ. ಪ್ರಯೋಗಕ್ಕೆ ಉಳಿದಿರುವುದು ಇದೊಂದೇ ವರ್ಷ.

ಸಿದ್ಧವಾಗುತ್ತಿರುವ ವರದಿಯ ಮೇಲೆ ಐದು ಹೆಸರುಗಳಿವೆ, ಮುನಿಯಲ್ಲಮ್ಮನವರದಿಲ್ಲ. ಒಳಗೆಲ್ಲೋ 'ಕೂಲಿ' ಎಂಬ ಎರಡಕ್ಷರದಲ್ಲಿ ಇವರಿದ್ದಾರೆ. ತಪ್ಪಾದಾಗ ಹೆಸರು ಹಿಡಿದು ಕೂಗುವವರಿಗೆ ದುಡಿದಾಗ ಆ ಹೆಸರು ಯಾಕೆ ನೆನಪಾಗುವುದಿಲ್ಲ?

ಈ ವರ್ಷ ಆ ಮೂರು ಸಾಲು ಒಣಗುತ್ತಿವೆ. ಬೇಲಿಯಾಚೆ ಹಸು ಹೊಡೆದುಕೊಂಡು ಹೋಗುವ ಮೈದುನ ಮುನಿಗಂಗಪ್ಪ ಛೇಡಿಸುತ್ತಾರೆ: "ಏನತ್ಗೆ, ಗಿಡ ಸಾಯ್ಸಕ್ಕೂ ಸಂಬ್ಳ ಕೊಡ್ತಾರಾ?"

"ಊಂನಪ್ಪ, ನಿನ್ನೂ ಆ ಸಾಲಲ್ಲೇ ನಿಲ್ಲುಸ್ಲಾ?"

ನಗುತ್ತಲೇ ಕ್ಯಾನು ಇಳಿಸಿ, ರೋಗದ ಸಾಲಿಗೆ ಬರಿಗೈಯಲ್ಲಿ ಹೋಗುತ್ತಾರೆ. ಒಂದೊಂದೇ ಎಲೆ ಮಗುಚಿ ಎಣಿಸುತ್ತಾರೆ. ಇಲ್ಲಿ ಹತ್ತಕ್ಕೆ ಎಂಟು ಎಲೆಗಳಲ್ಲಿ ಚುಕ್ಕೆ. ಅಂಗಡಿ ಔಷಧಿಯ ಸಾಲಿನಲ್ಲಿ ಎರಡು, ಇವರ ರಸದ ಸಾಲಿನಲ್ಲಿ ಮೂರು. ವೇದಾ ಬರೆದುಕೊಳ್ಳುತ್ತಾರೆ. ಈ ಸಲ ಯಾರೂ ಅಳಿಸಲಾಗದ ಲೆಕ್ಕ.

ಮುನಿಯಲ್ಲಮ್ಮ ಕೇಳುವುದು ಒಂದೇ. "ಬೆಳೆ ಮುಗುದ್ಮೇಲೆ ಈ ಮೂರು ಸಾಲಿನ ಗಿಡಗಳ್ನ ನಾನೇ ಕಿತ್ತು ಸುಡ್ತೀನಿ ಮೇಡಂ. ಬ್ಯಾರೆಯವ್ರ ಕೈಗೆ ಕೊಡ್ಬ್ಯಾಡಿ."