ಕಾಲುಚೀಲದ ಚಪ್ಪಾಳೆ

ನನಗೆ ಮದುವೆಯಾಯಿತು ಗೆಳೆಯರೇ, ನನಗೇ ಇನ್ನೂ ನಂಬಲಾಗುತ್ತಿಲ್ಲ! ಇವತ್ತು ರಿಯಾದಿನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಇವರ ಕಾಲುಚೀಲ ಮಡಚುವಾಗ, ಆ ಸೋಪಿನ ವಾಸನೆಗೆ ನಾನು ಬೆಳೆದ ದಮ್ಮಾಮಿನ ಶುಕ್ರವಾರಗಳು ನೆನಪಾದವು.

ಸೌದಿಯಲ್ಲಿ ವಾರದ ರಜೆ ಶುಕ್ರವಾರ; ಚರ್ಚಿಗೆ ಅವಕಾಶವಿಲ್ಲದ್ದರಿಂದ ಅಂದು ನಮ್ಮ ಮನೆಯಲ್ಲಿ ಗುಟ್ಟಾಗಿ ಪ್ರಾರ್ಥನೆ ನಡೆಯುತ್ತಿತ್ತು. ಅಪ್ಪ ಕಿಟಕಿ ಮುಚ್ಚಿ, ಪರದೆ ಎಳೆದು, ಬಾಗಿಲಿನ ಸಂದಿಗೆ ಟವೆಲ್ ತುರುಕುತ್ತಿದ್ದರು. ಸದ್ದು ಹೊರಗೆ ಹೋದರೆ ಅಪ್ಪನ ಕೆಲಸ ಹೋಗಿ ಎಲ್ಲರೂ ಊರಿಗೆ ಮರಳಬೇಕಾಗುತ್ತಿತ್ತು. ಹಾಗಾಗಿ ಕೀರ್ತನೆಗಳನ್ನೂ ಪಿಸುಗುಟ್ಟುತ್ತಿದ್ದೆವು. ಮಕ್ಕಳಾದ ನಮಗೆ ಉಸಿರು ಕಟ್ಟುತ್ತಿತ್ತು.

ಒಂದು ಕ್ರಿಸ್‌ಮಸ್‌ಗೆ ಉಡುಪಿ ಕಡೆಯ ನರ್ಸ್ ಗ್ರೇಸಿ ಆಂಟಿ ಪಿಸುದನಿಯಲ್ಲೇ ಗದರಿದರು: "ಇದೆಂತ ಮಾರಾಯ್ರೆ, ಹಬ್ಬವಾ, ಸಾವಿನ ಮನೆಯಾ?" ಒಳಗಿನಿಂದ ಅಪ್ಪನ ಕಾಲುಚೀಲಗಳನ್ನೆಲ್ಲ ತಂದು ನಮ್ಮ ಕೈಗಳಿಗೆ ತೊಡಿಸಿದರು. "ಈಗ ತಟ್ಟಿ ಮಕ್ಕಳೇ!"

ತಟ್ಟಿದೆವು. ಸದ್ದೇ ಇಲ್ಲ! ಕೈ ಬೆವರುವವರೆಗೂ ತಟ್ಟಿದೆವು.

ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ಅಪ್ಪ ಕೊನೆಗೆ ಮೆಲ್ಲನೆ ಬಂದರು. "ನನಗೂ ಒಂದು ಜೊತೆ ಉಂಟಾ?"

"ನಿಮ್ಮದೇ ಅಲ್ವಾ ಮಾರಾಯ್ರೆ!"

ದಮ್ಮಾಮಿನ ಮನೆಯಲ್ಲಿ ಪರದೆ, ಟವೆಲ್ ಈಗಲೂ ಹಾಗೇ ಇವೆಯಂತೆ. ಇರಲಿ ಅಪ್ಪ, ಇವರ ಕಾಲುಚೀಲಗಳನ್ನೆಲ್ಲ ಬ್ಯಾಗಿಗೆ ತುಂಬಿದ್ದೇನೆ. ಗುರುವಾರ ಸಂಜೆಯ ರಿಯಾದ್–ದಮ್ಮಾಮ್ ರೈಲಿನಲ್ಲಿ ಬಂದಿಳಿಯುತ್ತೇನೆ.