ಅಮ್ಮಿಯ ಸ್ಟೂಲಿನ ಪರೀಕ್ಷೆ

ನಮ್ಮ ಮನೆಯ ಹಳೆಯ ಕಂಪ್ಯೂಟರಿನ ಗವಸು ತೆಗೆದು ಗುಂಡಿ ಒತ್ತಿದರೆ ಮೊದಲು ವಾಸನೆ ಬರುತ್ತದೆ, ಬೆಳಕು ಆಮೇಲೆ. ಬೆಚ್ಚಗಾಗುತ್ತಿರುವ ಧೂಳು, ಗವಸಿನ ಮಡಿಕೆಯಲ್ಲಿ ಉಳಿದ ನುಸಿಗುಳಿಗೆಯ ಘಾಟು, ಜೊತೆಗೆ ಒಳಗೆ ಏನಾದರೂ ಸುಟ್ಟೀತೇನೋ ಎಂಬ ಸಣ್ಣ ಸಂಶಯ. ಈ ವಾರ ಪತ್ರಿಕೆಯವರು ಇನ್ನೊಂದು ಹೊಸ ಸಾಫ್ಟ್‌ವೇರನ್ನು ಪರೀಕ್ಷೆಗೆ ಕಳಿಸಿದ್ದಾರೆ. ಮನೆಯ ಫೋಟೋಗಳನ್ನೆಲ್ಲ ತಾನೇ ಓರಣ ಮಾಡಿಕೊಡುತ್ತದಂತೆ. ಅದಕ್ಕೇ ಈ ಮುದುಕನನ್ನು ಎಬ್ಬಿಸಿದ್ದು. ಪಕ್ಕದಲ್ಲೇ ಹೊಸ ಲ್ಯಾಪ್‌ಟಾಪ್ ಇರುವಾಗ ಇದ್ಯಾಕೆ ಎಂದು ನೀವು ಕೇಳಬಹುದು. ಸ್ವಲ್ಪ ಕೂತಿರಿ, ಹೇಳುತ್ತೇನೆ. ಇದು ಪೂರ್ತಿ ಏಳಲು ಹೇಗೂ ಒಂದು ಚಹಾ ಮುಗಿಯುವಷ್ಟು ಹೊತ್ತು ಬೇಕು.

ಗವಸು ಹೊಲಿದವರು ರಜಿಯಾ ಆಪಾ. ಬೀದರಿನ ಹಳೆಯ ಶಹರದಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲೇ ಇದ್ದಾರೆ. ಹೊಲಿಗೆ, ಕಸೂತಿ ಅವರ ಕಸುಬು. ನಮ್ಮ ಕಡೆ ಮನೆಗೆ ಯಾವ ಹೊಸ ಯಂತ್ರ ಬಂದರೂ ಅದಕ್ಕೊಂದು ಅಂಗಿ ಹೊಲಿಸದೆ ಬಿಡುವುದಿಲ್ಲ. ಫ್ರಿಜ್ಜಿಗೆ ಹೂವಿನ ಟೋಪಿ, ಟಿವಿಗೆ ಪರದೆ, ಮಿಕ್ಸರಿಗೆ ಲಂಗ. ಕಂಪ್ಯೂಟರು ಮನೆಮನೆಗೆ ಬರತೊಡಗಿದಾಗ ಆಪಾ ಟೇಪು ಹಿಡಿದು ಅದಕ್ಕೂ ಅಳತೆ ತೆಗೆದರು. ಅಂಚಿಗೆ ನೆರಿಗೆಯ ಝಾಲರು ಇಟ್ಟರು, ಗುಲಾಬಿ ಕಸೂತಿ ಹಾಕಿದರು. ಭಾಲ್ಕಿ, ಔರಾದದವರೆಗೆ ಆ ಗವಸು ಹೋಯಿತು. ತೊಂದರೆ ಏನೆಂದರೆ ಕೆಲವರು ಕೆಲಸ ಮಾಡುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಮುಂದಿನ ಅಂಚನ್ನಷ್ಟೇ ಮದುಮಗಳ ಸೆರಗಿನ ಹಾಗೆ ಮೇಲೆತ್ತಿ ಕೂರುತ್ತಿದ್ದರು. ಯಂತ್ರ ಒಳಗೇ ಬೆಂದು ಬಂದ್ ಆಗುತ್ತಿತ್ತು. ಔರಾದದ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿ, ನಮ್ಮ ಕಡೆ ಹೆಂಗಸರನ್ನು ಕರೆಯುವಂತೆ, “ಬಾಯಿಯವರ, ವೈರಸ್ ಬಂದದ್ರಿ. ಅದೂ ಮಧ್ಯಾಹ್ನನೇ ಬರ್ತದ ನೋಡ್ರಿ,” ಎಂದರು. ಧೂಳಿನಲ್ಲಿ ಕುಲುಕುತ್ತ ಬಸ್ಸಿನಲ್ಲಿ ಹೋಗಿ ನೋಡಿದರೆ ಆ ವೈರಸ್ಸಿಗೆ ಗುಲಾಬಿ ಕಸೂತಿ ಇತ್ತು.

ಇಂಥ ಫೋನುಗಳು ನನಗೇ ಯಾಕೆ ಬರುತ್ತವೆ ಎಂಬುದಕ್ಕೆ ಕಾರಣ ದೊಡ್ಡದೇನಲ್ಲ. ಮೊದಲು ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಕಲಿತು ಹೋದವರು, ಅವರ ಅತ್ತೆ, ಮಾವ, ಸೊಸೆ ಎಲ್ಲರೂ ದಾರಿಯಲ್ಲಿ ನಿಲ್ಲಿಸಿ, ಇದು ಹಾಕಿಕೊಳ್ಳಬಹುದೇ, ಅದನ್ನು ನಂಬಬಹುದೇ ಎಂದು ಕೇಳುತ್ತಿದ್ದರು. ಊರಿನ ದಿನಪತ್ರಿಕೆಯ ಸಂಪಾದಕರು ಅದನ್ನೇ ಬರೆದುಕೊಡಿ ಎಂದರು. ಅಂದಿನಿಂದ ಪ್ರತಿ ರವಿವಾರ ನನ್ನ ತೀರ್ಪು ಬರುತ್ತದೆ. ಸಂತೆಯ ಬದನೆಕಾಯಿಯನ್ನೂ ಫೇಲ್ ಮಾಡಿ ಬರುವವಳು ಎಂದು ನನ್ನ ಗಂಡ ಗೇಲಿ ಮಾಡುತ್ತಾರೆ. ಮಾಡಲಿ. ಹುಳುಕು ಬದನೆಕಾಯಿ ತಂದ ದಿನ ಅವರಿಂದ ಯಾರು ಬೈಸಿಕೊಳ್ಳಬೇಕು ಎಂಬುದೂ ಗೊತ್ತು.

ನನ್ನ ಪದ್ಧತಿ ಒಂದೇ. ಸಾಫ್ಟ್‌ವೇರು ಯಾರ ಮನೆಗೆ ಹೋಗಲಿದೆಯೋ ಅಂಥ ಮನೆಯಲ್ಲೇ ಅದನ್ನು ನೋಡಬೇಕು. ಹಳೆಯ ಯಂತ್ರ, ಮಂದ ಇಂಟರ್ನೆಟ್, ನಡುವೆ ಹೋಗುವ ಕರೆಂಟು, ಒಲೆಯ ಮೇಲೆ ಉಕ್ಕುವ ಹಾಲು, ಬಾಗಿಲಲ್ಲಿ ಬಂದು ನಿಂತ ಬೀಗರು. ಕರೆಂಟು ಹೋಗಿ ಬಂದಾಗ ಅಷ್ಟು ಹೊತ್ತು ತುಂಬಿದ್ದನ್ನೆಲ್ಲ ಮರೆತುಬಿಡುವ ವೆಬ್‌ಸೈಟು ನನ್ನ ಕೈಯಲ್ಲಿ ಪಾಸಾಗುವುದಿಲ್ಲ. ‘ಬೇಡ’ ಎನ್ನುವ ಗುಂಡಿಯನ್ನು ಮೂಲೆಯಲ್ಲಿ ಬೂದಿ ಬಣ್ಣದಲ್ಲಿ ಅಡಗಿಸಿಟ್ಟದ್ದೂ ಪಾಸಾಗುವುದಿಲ್ಲ. ಕೆಲವು ಸೈಟುಗಳು ಮದುವೆ ಜವಳಿ ಅಂಗಡಿಯ ಹಾಗೆ. ಒಳಗೆ ಕರೆಯುವಾಗ ಏನು ಉಪಚಾರ! ಎದ್ದು ಹೋಗುತ್ತೇನೆ ಎಂದರೆ ಮಾತ್ರ ಚಪ್ಪಲಿ ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕಂಪ್ಯೂಟರನ್ನು ಸ್ವಚ್ಛ ಮಾಡಿಕೊಡುವ ಸಾಫ್ಟ್‌ವೇರೊಂದು ಬಂದಿತ್ತು. ಒಂದೇ ಥರದ ಫೋಟೋಗಳನ್ನು ಹುಡುಕಿ, ಒಂದನ್ನು ಇಟ್ಟು, ಉಳಿದದ್ದನ್ನು ಅಳಿಸಿ ಜಾಗ ಮಾಡುತ್ತದೆ ಎಂದು ಜಾಹೀರಾತು. ಅದನ್ನು ಪತ್ರಿಕೆಗೆ ಕೊಟ್ಟವರು ಭಾಲ್ಕಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಸಂಗಣ್ಣ. ತಮ್ಮಲ್ಲಿ ಕಂಪ್ಯೂಟರ್ ಕೊಂಡವರಿಗೆಲ್ಲ ಅದನ್ನು ಪುಕ್ಕಟೆ ಹಾಕಿಕೊಡುತ್ತಿದ್ದರು. ಸಂಪಾದಕರು ನನಗೆ ಫೋನ್ ಮಾಡಿದರು.

“ಮೇಡಂ, ಈ ರವಿವಾರ ಅದರ ಬಗ್ಗೆ ನಾಕು ಛಲೋ ಮಾತು ಬರೀರಿ. ಜಾಹೀರಾತು ಕೊಡೂ ಮಂದಿ ಅವರು.”

“ಹಾಕಿ ನೋಡಿ ಬರೀತೇನ್ರಿ,” ಎಂದೆ.

“ನೋಡೂದೇನದ್ರಿ ಅದ್ರಾಗ? ಎಲ್ಲಾರೂ ಹಾಕ್ಕೊಂಡಾರ.”

“ಎಲ್ಲಾರೂ ಹಾಕ್ಕೊಂಡಾರಂದ್ರ ನಾ ಬರಿಯೂದರೇ ಯಾಕ ಬೇಕು?”

ಅದೇ ಸಂಜೆ ರಜಿಯಾ ಆಪಾ ಬಂದರು. ಕಸೂತಿಯ ಡಿಸೈನು ತುಂಬಿ ತುಂಬಿ ಅವರ ಕಂಪ್ಯೂಟರು ಉಸಿರಾಡಲಾರದೆ ಕೂತಿತ್ತು. “ಬಾಯಿ, ಜಾಗ ಇಲ್ಲ ಜಾಗ ಇಲ್ಲ ಅಂತದ್ರಿ ಅದು. ಪೇಪರ್‌ನಾಗ ಬಂದದಲ್ಲ, ಅದು ಹಾಕ್ಲೇನ್ರಿ?”

“ರವಿವಾರ ತನಕ ತಡೀರಿ ಆಪಾ.”

“ತಡೀತೇನಿ. ನೀವು ಹೂಂ ಅಂದ್ರ ಹಾಕ್ತೇನಿ, ಇಲ್ಲಂದ್ರ ಇಲ್ಲ,” ಎಂದು ಚಹಾದ ಬಟ್ಟಲು ಕೆಳಗಿಟ್ಟು ಹೋದರು.

ಆ ಮಾತು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಪತ್ರಿಕೆಯಲ್ಲಿ ಬರೆಯುವಾಗ ಓದುಗರು ಎಂದರೆ ಎಲ್ಲೋ ಇರುವ ಮುಖವಿಲ್ಲದ ಜನ. ಇಲ್ಲಿ ನನ್ನ ಒಂದು ಹೂಂ ಮೇಲೆ ಬೆರಳಿಟ್ಟುಕೊಂಡು ಹಿಂದಿನ ಗಲ್ಲಿಯಲ್ಲಿ ಒಬ್ಬರು ಕಾಯುತ್ತಿದ್ದರು. ಮರುದಿನ ಅವರ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಡ್ರೈವಿನಲ್ಲಿ ನಕಲು ಮಾಡಿಕೊಂಡು ಬಂದು ಇದೇ ಮುದುಕನಿಗೆ ಹಾಕಿದೆ. ಆಪಾ ಕುರ್ಚಿ ಎಳೆದು ಪಕ್ಕದಲ್ಲೇ ಕೂತರು.

ಮೊದಮೊದಲು ಆ ಸಾಫ್ಟ್‌ವೇರು ಚೆನ್ನಾಗಿಯೇ ಕೆಲಸ ಮಾಡಿತು. ಒಂದೇ ಮಾವಿನಕಾಯಿ ಡಿಸೈನನ್ನು ಆಪಾ ಎಲ್ಲೆಲ್ಲಿ ಬಚ್ಚಿಟ್ಟಿದ್ದರೋ ಅಲ್ಲೆಲ್ಲ ಹೊಕ್ಕು ಹುಡುಕಿ ತಂದಿತು. ಇದು ಪಾಸು ಎಂದು ಮನಸ್ಸಿನಲ್ಲೇ ಬರೆದೂ ಆಗಿತ್ತು. ಅಷ್ಟರಲ್ಲಿ ಪರದೆಯ ತುಂಬ ಒಂದು ಹಸಿರು ಬಾಗಿಲು ಬಂತು. ಸಾಲು ಸಾಲಾಗಿ ಅದೇ ಬಾಗಿಲು, ಅದರ ಮುಂದೆ ಅದೇ ಸ್ಟೂಲು, ಸ್ಟೂಲಿನ ಮೇಲೆ ಬಿಳಿ ಓಢಣಿ ಹೊದ್ದ ಅದೇ ಮುದುಕಿ.

ಅದು ಆಪಾನ ಮನೆಯ ರಿವಾಜು. ರಮಜಾನ್ ಈದಿನ ದಿನ ನಮಾಜು ಮುಗಿದು, ಸುರಕುಂಬಾ ಪಾಯಸ ಕುಡಿದಾದ ಮೇಲೆ, ಅಂಗಳದ ನೀರಿನ ಟಾಕಿಯ ಮೇಲೆ ಕ್ಯಾಮೆರಾ ಇಟ್ಟು ಫೋಟೋ ತೆಗೆಯುತ್ತಾರೆ. ಮೊದಲು ಆಪಾನ ತಾಯಿ, ಅಮ್ಮಿ, ಒಬ್ಬರೇ ಸ್ಟೂಲಿನ ಮೇಲೆ, ಆಮೇಲೆ ಸುತ್ತ ಮನೆಮಂದಿ. ಟಾಕಿಯ ಮೇಲೆ ಕ್ಯಾಮೆರಾ ಇಡುವ ಜಾಗಕ್ಕೂ ಸುಣ್ಣದ ಗುರುತು ಇತ್ತು. ಹೊಸ ಬಟ್ಟೆ ಮಕ್ಕಳಿಗೆ, ತನಗೆ ಈ ಓಢಣಿ ಸಾಕು ಎನ್ನುವುದು ಅಮ್ಮಿಯ ಹಟ. ಹಾಗಾಗಿ ವರ್ಷ ಬದಲಾದರೂ ಚಿತ್ರ ಬದಲಾಗುತ್ತಿರಲಿಲ್ಲ. ಅಮ್ಮಿ ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಆ ಚಿತ್ರಗಳು ಬೇರೆ ಎಲ್ಲೂ ಇರಲಿಲ್ಲ.

“ಇವು ಯಾಕ ಬಂದಾವ್ರಿ ಇಲ್ಲಿ?” ಎಂದರು ಆಪಾ.

“ಎಲ್ಲಾ ಒಂದೇ ಅಂತದ ಆಪಾ. ಒಂದು ಇಟ್ಟು ಉಳದದ್ದು ತಗೀತದಂತ.”

“ಒಂದೇ? ಯಾರ ಕಣ್ಣಿಗಿ ಒಂದೇ?” ಪರದೆಯ ಮೇಲೆ ಬೆರಳಿಟ್ಟರು. “ಇದ್ರಾಗ ನೋಡ್ರಿ, ಎರಡೂ ಕೈ ತೊಡಿ ಮ್ಯಾಲ ಅವ. ಇದ್ರಾಗ ಒಂದು ಕೈ ಸ್ಟೂಲ್ ಹಿಡದದ, ಆ ವರ್ಷ ಮೊಣಕಾಲು ಭಾಳ ಬ್ಯಾನಿ ಇತ್ತು. ಇದ್ರಾಗ ಕೈಯಾಗ ಬಳಿ ಇಲ್ಲ. ನಮ್ಮ ಅಬ್ಬಾ ತೀರಿಕೊಂಡ ವರ್ಷದ್ದು ಇದು.” ಬೆರಳು ಕೊನೆಯ ಚಿತ್ರದ ಮೇಲೆ ನಿಂತಿತು. “ಇದು ಹ್ವಾದ ಈದಿಂದು. ನಗ್ಲಿಕತ್ತಿದ್ಲು, ಹಂಗಾಗಿ ಅಳ್ಳಾಡ್ಯಾಳ.”

ಆ ಕೊನೆಯ ಚಿತ್ರ ಸ್ವಲ್ಪ ಮಸುಕಾಗಿತ್ತು. ಸಾಫ್ಟ್‌ವೇರಿನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೇ ಮೊದಲು ಕೆಂಪು ಗುರುತು ಬಿದ್ದಿತ್ತು. ನನ್ನ ನಕಲಿನ ಮೇಲೆ ಅಳಿಸುವ ಗುಂಡಿ ಒತ್ತಿ ನೋಡಿದೆ. ಅದು ಇನ್ನೊಮ್ಮೆ ಕೇಳಲಿಲ್ಲ, ಕಸದ ಬುಟ್ಟಿಯಲ್ಲೂ ಇಡಲಿಲ್ಲ. ಹಸಿರು ಬಾಗಿಲು ಒಂದೇ ಉಳಿಯಿತು. ಮೇಲೆ ‘ಅಭಿನಂದನೆಗಳು’ ಎಂದು ಬಂತು. ನನಗೆ ಮೈ ಉರಿದುಹೋಯಿತು. ಅವರವರ ಮನೆಯಲ್ಲಿ ನಂಬಿ ಕೂತವರ ತಾಯಿಯನ್ನು ಅಳಿಸಿ ಅಭಿನಂದನೆ ಹೇಳುವ ಈ ವಸ್ತುವಿಗೆ ನಾನು ಒಂದು ಒಳ್ಳೆಯ ಮಾತೂ ಬರೆಯುವುದಿಲ್ಲ ಎಂದು ಆಪಾನ ಮುಂದೆಯೇ ಹೇಳಿದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಎಲ್ಲವೂ ಇದೆಯೇ ಎಂದು ನೋಡಿಕೊಳ್ಳಲು ಎದ್ದು ಮನೆಗೆ ಹೋದರು.

ಹಾಕಿಕೊಳ್ಳಬೇಡಿ ಎಂದು ಬರೆದು ಕಳಿಸಿದೆ. ಸಂಪಾದಕರು ಬೆವರಿದರು. ಸಂಗಣ್ಣನವರು ಒಪ್ಪಿದರೆ ಅಚ್ಚು ಹಾಕುತ್ತೇನೆ ಎಂದರು. ಒಪ್ಪಿಸುತ್ತೇನೆ ಎಂದು ನಾನು ಭಾಲ್ಕಿಗೆ ರೈಲು ಹಿಡಿದೆ. ಹೋಗುವಾಗ ನನ್ನ ಗಂಡ, “ಅಂಗಡಿಯವ್ರಿಗಿ ಹೊಡದು ಗಿಡದು ಬಂದೀ ಮತ್ತ,” ಎಂದರು.

ಸಂಗಣ್ಣ ಒಳ್ಳೆಯ ಮನುಷ್ಯರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬರ್ರಿ, ಕೂಡ್ರಿ. ಚಹಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, “ಒಂದೇ ಥರಾ ಇದ್ದದ್ದಕ್ಕ ಒಂದೇ ಅಂತದ್ರಿ ಮೇಡಂ, ಅದರದೇನು ತಪ್ಪು? ಇಷ್ಟು ಮಂದಿಗಿ ಕೊಟ್ಟೇನಿ, ಯಾರದೂ ತಕರಾರಿಲ್ಲ,” ಎಂದರು.

ಅವರ ತಲೆಯ ಮೇಲೆ ಗೋಡೆಯಲ್ಲಿ ದೀಪಾವಳಿಯ ಫೋಟೋ ಇತ್ತು. ಲಕ್ಷ್ಮೀಪೂಜೆಯ ದಿನ ಅಂಗಡಿಯ ಗಾದಿಯ ಮೇಲೆ ಹಿರಿಯರು ಕೂತು ತೆಗೆಸಿಕೊಂಡದ್ದು. ಭಾಲ್ಕಿಯ ಅಂಗಡಿಗಳಲ್ಲಿ ಅದೂ ವರ್ಷವರ್ಷದ ರಿವಾಜು.

“ಇಂಥಾವು ಭಾಳ ಅವೇನ್ರಿ ನಿಮ್ಮಲ್ಲಿ?” ಎಂದೆ.

“ಯಾಕಿಲ್ರಿ? ಎಲ್ಲಾ ವರ್ಷದ್ದು ಕಂಪ್ಯೂಟರ್‌ನಾಗ ಹಾಕಿಟ್ಟೇನಿ.”

“ನಿಮ್ಮ ಸಾಫ್ಟ್‌ವೇರ್ ಇವಕ್ಕ ಹಚ್ಚಿ ತೋರಸ್ರಿ.”

ಅವರು ನಕ್ಕು ಮೌಸು ಹಿಡಿದರು. ಮೊದಲು ನಕಲು ಮಾಡಿ ಎಂದೆ. ಅದೆಲ್ಲ ಬೇಡ ಎಂದರು. ನಕಲು ಮಾಡದೆ ಒತ್ತಿದರೆ ನಾನು ಈ ಅಂಗಡಿಯಿಂದ ಏಳುವುದೇ ಇಲ್ಲ ಎಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಬೇಸರದಿಂದಲೇ ನಕಲು ಮಾಡಿದರು. ಆಮೇಲೆ ಪರದೆಯ ಮೇಲೆ ಅದೇ ಗಾದಿ, ಅದೇ ದೀಪದ ಸಮೆ, ಅದೇ ಬಾಳೆಕಂಬ, ಅದೇ ರುಮಾಲಿನ ಮುದುಕರು ಸಾಲಾಗಿ ಬಂದರು. ಒಂದನ್ನು ಬಿಟ್ಟು ಎಲ್ಲದಕ್ಕೂ ಕೆಂಪು ಗುರುತು. ಸಂಗಣ್ಣನವರ ಕೈ ಮೌಸಿನಿಂದ ತಾನಾಗಿ ಹಿಂದೆ ಬಂತು.

“ನಮ್ಮಪ್ಪಾರು,” ಎಂದರು. ಕೊನೆಯ ಚಿತ್ರದತ್ತ ಬಾಗಿ, “ಅವರ ಕಡೀ ಪೂಜಾದ್ದಕ್ಕೂ ಕೆಂಪು ಹಚ್ಚ್ಯದಲ್ರಿ,” ಎಂದರು.

ಅವರು ಸಂಪಾದಕರಿಗೆ ತಾವೇ ಫೋನ್ ಮಾಡಿ, ಮೇಡಂ ಬರೆದಂತೆ ಹಾಕಿ ಎಂದರು. ಆ ಸಾಫ್ಟ್‌ವೇರು ಕೊಟ್ಟವರಿಗೆಲ್ಲ ಅಂದೇ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ಖಟಕ ಚಿಂಚೋಳಿ ಎಂಬ ಊರಿನ ಒಬ್ಬರು ಅಷ್ಟರೊಳಗೆ ಗುಂಡಿ ಒತ್ತಿಬಿಟ್ಟಿದ್ದರಂತೆ. ಅವರ ಮನೆಯ ಯಾವ ಬಾಗಿಲು ಹೋಯಿತೋ ಗೊತ್ತಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಉಳಿದದ್ದಕ್ಕೆ ಮಾತ್ರ ನಾನು ಬೀಗಿದ್ದು ನಿಜ. ವಾಪಸು ಬರುವಾಗ ರೈಲಿನಲ್ಲಿ ಯಾರಿಗೂ ಕೊಡದೆ ಒಂದು ಪೊಟ್ಟಣ ಹುರಿಗಡಲೆ ತಿಂದು ಮುಗಿಸಿದೆ.

ಅಂದಿನಿಂದ ಮನೆಯ ಫೋಟೋ ಮುಟ್ಟುವ ಯಾವುದು ಬಂದರೂ ಮೊದಲು ಅಮ್ಮಿಯ ಸ್ಟೂಲಿನ ಮುಂದೆ ನಿಲ್ಲಬೇಕು. ನಕಲನ್ನು ಇಟ್ಟುಕೊಳ್ಳಲು ಆಪಾನೇ ಒಪ್ಪಿಗೆ ಕೊಟ್ಟರು. “ಇರ್ಲಿ ಬಾಯಿ. ಅಮ್ಮಿಗಿ ಭೀ ಹಿಂಗೇ ಇತ್ತು, ಯಾರೇ ಮನಿಗಿ ಬಂದ್ರೂ ಆಕಿ ಮುಂದ ನಿಂತು ಸಲಾಂ ಹೇಳಿ ಒಳಗ ಹೋಗಬೇಕು,” ಎಂದರು. ದೊಡ್ಡ ದೊಡ್ಡ ಹೆಸರಿನವು ಅಲ್ಲಿ ನಪಾಸಾಗಿ ಹೋಗಿವೆ. ಪ್ರತಿ ಈದಿನ ನಂತರ ಆಪಾ ಹೊಸ ಚಿತ್ರ ತಂದುಕೊಡುತ್ತಾರೆ. ಕೆಲವು ವರ್ಷ ಆ ಚಿತ್ರದಲ್ಲಿ ಸ್ಟೂಲು ಖಾಲಿಯೇ ಇತ್ತು. ಈ ವರ್ಷ ಮನೆಮಂದಿಯೆಲ್ಲ ಹಟ ಹಿಡಿದು ಆಪಾನನ್ನೇ ಕೂರಿಸಿದ್ದಾರೆ. ಪೆಟ್ಟಿಗೆಯಲ್ಲಿದ್ದ ಬಿಳಿ ಓಢಣಿಯನ್ನೂ ಹೊರತೆಗೆದಿದ್ದಾರೆ.

ಚಹಾ ಮುಗಿಯಿತು, ಮುದುಕನೂ ಎದ್ದ. ಹೊಸ ಸಾಫ್ಟ್‌ವೇರು ತೆವಳುತ್ತ ಚಿತ್ರಗಳನ್ನೆಲ್ಲ ನೋಡಿತು. ಯಾವುದನ್ನೂ ಅಳಿಸಲಿಲ್ಲ. ಅಮ್ಮಿಯ ಚಿತ್ರಗಳನ್ನು ಒಂದು ಸಾಲಿನಲ್ಲಿ ಜೋಡಿಸಿತು, ಮಸುಕಾದದ್ದನ್ನೂ ಬಿಡದೆ. ಆಮೇಲೆ ನಿಂತು, ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ಕೇಳಿತು: ಇವರಿಬ್ಬರೂ ಒಬ್ಬರೇ ವ್ಯಕ್ತಿಯೇ? ಕೆಳಗೆ ‘ಹೌದು’, ‘ಅಲ್ಲ’. ಎರಡೂ ಗುಂಡಿ ಒಂದೇ ಅಳತೆ, ಒಂದೇ ಬಣ್ಣ. ಒಂದು ಮುಖ ಅಮ್ಮಿಯದು. ಇನ್ನೊಂದು ಈ ವರ್ಷದ ಆಪಾನದು.

ಇದಕ್ಕೆ ಉತ್ತರ ಕೊಡುವ ಹಕ್ಕು ನನಗಿಲ್ಲ ಎನಿಸಿತು. ಆಪಾನನ್ನು ಕರೆಸಿದೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

“ಹೌದು ಅಂದ್ರ ಏನಾಗ್ತದ್ರಿ?”

“ನೀವು ಭೀ ಅಮ್ಮಿ ಸಾಲಿನಾಗ ಹೋಗಿ ಕೂಡ್ತೀರಿ. ಇಬ್ಬರೂ ಒಬ್ಬರೇ ಅಂತ ತಿಳೀತದ ಅದು.”

ಒಂದು ಗಳಿಗೆ ಅವರ ಕೈ ‘ಹೌದು’ ಕಡೆಗೇ ಹೋಯಿತು. ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ, ಮೌಸನ್ನು ತಮ್ಮ ಕಡೆ ಎಳೆದುಕೊಂಡು, ‘ಅಲ್ಲ’ ಒತ್ತಿದರು.

“ಅಮ್ಮಿ ಅಮ್ಮೀನೇ,” ಎಂದರು. “ಇನ್ನೊಬ್ಬರನ್ನ ತಂದು ಆಕಿ ಜಾಗಾದಾಗ ಕೂಡ್ಸಿದ್ರ ಆಕೀನ ಅಳಿಸಿದಂಗೇ ಆತಲ್ರಿ.”

ಅಮ್ಮಿಯ ಸಾಲು ಇದ್ದಲ್ಲೇ ಉಳಿಯಿತು. ಅದರ ಕೆಳಗೆ ಒಂದು ಹೊಸ ಸಾಲು ತೆರೆದು, ಮೊದಲ ಮನೆಯಲ್ಲಿ ಆಪಾನ ಒಂದೇ ಒಂದು ಚಿತ್ರ ಬಂದು ಕೂತಿತು.

“ಇದು ಕೇಳಿ ಮಾಡ್ತದ. ಹಾಕ್ಕೋರಿ ಅಂತ ಬರೀರಿ ಬಾಯಿ,” ಎಂದು ಆಪಾ ಎದ್ದರು. ಹೋಗುವ ಮುಂಚೆ, ನಾನು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಗವಸನ್ನು ತೆಗೆದು ಬಿಚ್ಚಿದ ಝಾಲರನ್ನು ನೋಡಿ, ಹೊಲಿದು ತರುತ್ತೇನೆ ಎಂದು ಕಂಕುಳಲ್ಲಿ ಇಟ್ಟುಕೊಂಡರು. ಬಾಗಿಲಲ್ಲಿ ನಿಂತು ಇನ್ನೊಮ್ಮೆ ಪರದೆಯ ಕಡೆ ತಿರುಗಿ, ತಮ್ಮ ಸಾಲಿನ ಖಾಲಿ ಜಾಗವನ್ನು ತೋರಿಸಿದರು.

“ಬರೂ ಈದಿಗಿ ಎರಡನೇದು ತಂದು ಕೊಡ್ತೇನ್ರಿ.”